ಮೇಳ ಕಟ್ಟಿದವರು

ಬೀಳಗಿಯ ಅಮೀರಬಾಯಿ ಕರ್ನಾಟಕಿ ಅಂದಕೂಡಲೆ ಎಲ್ಲರಿಗೂ ನೆನಪಾಗುವುದು 1943ರ ‘ಕಿಸ್ಮತ್’ ಚಿತ್ರ. ಅನಿಲ್ ಬಿಸ್ವಾಸ್ ಸಂಗೀತದಲ್ಲಿ ಅವರು ಹಾಡಿದ ಹಾಡುಗಳು ಆಗ ದೇಶದ ತುಂಬ ಮೊಳಗಿದವು. ಮರುವರ್ಷ ‘ರತನ್’, 1950ರಲ್ಲಿ ‘ಸಮಾಧಿ’. ಕನ್ನಡ ಕೋಗಿಲೆ ಎಂಬ ಬಿರುದೂ ಬಂತು. ಆದರೆ ಅವರ ಬಗ್ಗೆ ಬರೆಯುವವರು ಒಂದೆರಡು ಸಂಗತಿಗಳನ್ನು ಮಾತ್ರ ಹಾಗೇ ದಾಟಿಬಿಡುತ್ತಾರೆ. 1948ರ ‘ಶಹನಾಜ್’ ಚಿತ್ರಕ್ಕೆ ಸಂಗೀತ ಕೂಡಿಸಿದವರು ಅಮೀರಬಾಯಿ. ಹೆಣ್ಣುಮಗಳೊಬ್ಬಳು ವಾದ್ಯವೃಂದವನ್ನು ನಡೆಸುವುದು ಬಲು ಅಪರೂಪವಾಗಿದ್ದ ಕಾಲವದು. ಮುಂಬಯಿಯಲ್ಲಿ ಗಳಿಸಿದ ಹಣವನ್ನು ಅವರು ನಮ್ಮ ಸೀಮೆಗೇ ತಂದು ಹೂಡಿದರು. ವಿಜಯಪುರದ ಅಮೀರ್ ಟಾಕೀಸ್ ಹುಟ್ಟಿದ್ದು ಹಾಗೆ. ಹಾಡುವ ಹೆಣ್ಣುಮಗಳು ಚಿತ್ರಮಂದಿರದ ಒಡತಿಯೂ ಆದಳು, ಅವಳ ನೆರಳಲ್ಲಿ ಹತ್ತಾರು ಮನೆಗಳ ಒಲೆ ಉರಿದವು. ರಹಮತ್ ತರೀಕೆರೆ ಅವರು ಅಮೀರಬಾಯಿಯ ಮೇಲೆ ಇಡೀ ಪುಸ್ತಕವನ್ನೇ ಬರೆದು ಈ ಬದುಕನ್ನು ಕನ್ನಡಿಗರ ಮುಂದಿಟ್ಟಿದ್ದು ದೊಡ್ಡ ಉಪಕಾರ.

ಅವರ ಅಕ್ಕ ಗೋಹರಬಾಯಿಯೂ ಸಣ್ಣ ಕಲಾವಿದೆಯಲ್ಲ. ಕನ್ನಡ ರಂಗಭೂಮಿಯಲ್ಲಿ ಹೆಸರು ಮಾಡಿ, ಮುಂದೆ ಮರಾಠಿ ರಂಗಭೂಮಿಯ ಬಾಲಗಂಧರ್ವರ ಕಂಪನಿ ಸೇರಿದರು. ತಂದೆ ತಬಲಾ ನುಡಿಸುತ್ತಿದ್ದರು, ತಾಯಿ ಹಾಡುತ್ತಿದ್ದರು. ಅಂಥ ಮನೆಯಿಂದ ಎದ್ದು ಬಂದ ಈ ಅಕ್ಕತಂಗಿಯರಿಗೆ ಬಂಡವಾಳ ಅಂತ ಇದ್ದದ್ದು ಕಂಠವೊಂದೇ.

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಈ ನಾಲ್ಕೂ ತಾಲೂಕುಗಳ ಕಲೆಯ ಚರಿತ್ರೆಯನ್ನು ನಾನು ನೋಡುವುದು ಈ ಕಣ್ಣಿನಿಂದಲೇ. ನಮ್ಮಲ್ಲಿ ಕಲಾವಿದ ಬರೀ ಕಲಾವಿದನಾಗಿ ಉಳಿದವನಲ್ಲ. ಮೇಳ ಕಟ್ಟಿದ, ಸಾಲ ತಂದ, ಜನಕ್ಕೆ ಅನ್ನ ಹಾಕಿದ. ಹಾಡಿದ್ದಕ್ಕೆ ಶಾಲು ಹೊದಿಸಿದ್ದೇವೆ. ಕಟ್ಟಿದ್ದನ್ನು ಲೆಕ್ಕಕ್ಕೇ ಹಿಡಿದಿಲ್ಲ.

ಶ್ರೀಕೃಷ್ಣ ಪಾರಿಜಾತ ಬಯಲಾಟವನ್ನೇ ನೋಡಿ. ಅದಕ್ಕೆ ಆಟದ ರೂಪ ಕೊಟ್ಟವನು ಕುಲಗೋಡ ತಮ್ಮಣ್ಣ ಎಂದು ಹೇಳುತ್ತ ಬಂದಿದ್ದಾರೆ. ಹೆಂಗಸರು ಅಟ್ಟ ಏರುವುದೇ ಕಷ್ಟವಿದ್ದಾಗ ಕೌಜಲಗಿ ನಿಂಗಮ್ಮ ತನ್ನದೇ ಮೇಳ ಕಟ್ಟಿ ಊರೂರು ತಿರುಗಿದಳು. ಕುಲಗೋಡ, ಕೌಜಲಗಿ ಎರಡೂ ಗೋಕಾಕ ಸೀಮೆಯವು. ಅಲ್ಲಿಂದ ಆಟ ಘಟಪ್ರಭೆಯ ಗುಂಟ ಇಳಿದು ಲೋಕಾಪುರ, ಮುಧೋಳದ ಹಳ್ಳಿಗಳಿಗೆ ಬಂತು, ಬೀಳಗಿ ಜಮಖಂಡಿಗಳಲ್ಲಿ ಬೇರು ಬಿಟ್ಟಿತು. ನಾರದ ತಂದ ಒಂದು ಹೂವು, ಅದನ್ನು ಕೃಷ್ಣ ರುಕ್ಮಿಣಿಗೆ ಕೊಟ್ಟ, ಸತ್ಯಭಾಮೆ ಮುನಿದಳು. ಕಥೆ ಇಷ್ಟೇ. ಇಷ್ಟನ್ನೇ ಹಿಡಿದು ಬೆಳಗು ಹರಿಸುವ ಕಸುವು ನಮ್ಮ ಮಂದಿಗಿದೆ. ಗೊಲ್ಲತಿ ಬಂದು ಭಾಗವತನ ಜೊತೆ ಮಾತಿಗಿಳಿದರೆ ಜನ ನಕ್ಕು ನಕ್ಕು ಸುಸ್ತಾಗುತ್ತಾರೆ. ಕೃಷ್ಣ ಕೊರವಂಜಿಯ ವೇಷದಲ್ಲಿ ಸತ್ಯಭಾಮೆಯ ಬಾಗಿಲಿಗೆ ಬಂದಾಗ ಅದೇ ಜನ ಉಸಿರು ಬಿಗಿಹಿಡಿದು ಕೂರುತ್ತಾರೆ.

ಆಟದ ನಡುವೆ ಒಂದು ಗಳಿಗೆ ಬರುತ್ತದೆ. ಸತ್ಯಭಾಮೆಯ ಪಾತ್ರಧಾರಿ ಪದದ ಕೊನೆಯ ಸಾಲನ್ನು ಮತ್ತೊಮ್ಮೆ ಎತ್ತಿಕೊಂಡು ತಾರಕಕ್ಕೆ ಒಯ್ದಾಗ ಮುಂದಿನ ಸಾಲಿನಿಂದ ಒಬ್ಬ ಅಜ್ಜ ಎದ್ದು, ರುಮಾಲು ಸರಿಮಾಡಿಕೊಂಡು ಅಟ್ಟದ ಹತ್ತಿರ ಬರುತ್ತಾನೆ. ಪೇಟಿ ಮಾಸ್ತರ ಸ್ವರ ಹಿಡಿದೇ ಇರುತ್ತಾನೆ, ತಬಲಾ ಮಾತ್ರ ನಿಲ್ಲುತ್ತದೆ. ಮೈಕಿನಲ್ಲಿ ಕೂಗು ಕೇಳುತ್ತದೆ: ಇಂಥ ಊರಿನ ಇಂಥವರಿಂದ ಸತ್ಯಭಾಮೆಗೆ ನೂರು ರೂಪಾಯಿ ಆಯೇರಿ! ನೋಟನ್ನು ಪಿನ್ನು ಚುಚ್ಚಿ ಸೆರಗಿಗೆ ಸಿಕ್ಕಿಸುತ್ತಾರೆ. ಪಾತ್ರಧಾರಿ ಕೈಮುಗಿದು, ಬಿಟ್ಟ ಸಾಲಿನಿಂದಲೇ ಮತ್ತೆ ಎತ್ತಿಕೊಳ್ಳುತ್ತಾಳೆ. ಆಟಕ್ಕೆ ಅಡ್ಡಿಯಾಯಿತು ಎಂದು ಓದಿದವರು ಮುಖ ಸಿಂಡರಿಸುವುದುಂಟು. ನನಗೆ ಹಾಗನ್ನಿಸುವುದಿಲ್ಲ. ಆಟ ಹಿಡಿಸಿತು ಎಂದು ರೈತನೊಬ್ಬ ತನ್ನ ಬೆವರಿನ ದುಡ್ಡು ಕೊಟ್ಟು ಹೇಳುವ ಮಾತದು. ಸಕ್ಕರೆ ಕಾರ್ಖಾನೆಯ ಬಿಲ್ಲು ಕೈಗೆ ಬಂದ ವರ್ಷ ಆಯೇರಿ ಹೆಚ್ಚು, ಬರ ಬಿದ್ದ ವರ್ಷ ಕಡಿಮೆ.

ಆಟಕ್ಕೆ ಮುಂಗಡದ ಸಂಚಕಾರ ಹಿಡಿದ ದಿನದಿಂದಲೇ ಮೇಳದ ಯಜಮಾನನಿಗೆ ಚಿಂತೆ ಶುರು. ಪಾತ್ರಧಾರಿಗಳನ್ನು, ಹಿಮ್ಮೇಳದವರನ್ನು ಒಟ್ಟುಗೂಡಿಸಬೇಕು, ತಾಲೀಮಿಗೆ ಜಾಗ ನೋಡಬೇಕು, ವೇಷ, ಕಿರೀಟ, ಪೇಟಿ, ಗಾಡಿ ಬಾಡಿಗೆ ಎಲ್ಲಾ ಅವನ ತಲೆಯ ಮೇಲೆ. ಜಾತ್ರೆಯ ಹಂಗಾಮು ಮುಗಿದ ಮೇಲೆ ಕೂಡ ಆ ಮಂದಿ ಚದುರದಂತೆ ಹಿಡಿದಿಡಬೇಕು. ಆಲಮಟ್ಟಿ ಹಿನ್ನೀರಿಗೆ ಬೀಳಗಿ ತಾಲೂಕಿನ ಹಳ್ಳಿಗಳು ಮುಳುಗಿ ಜನ ಪುನರ್ವಸತಿ ಕೇಂದ್ರಗಳಿಗೆ ಎದ್ದು ಹೋದಾಗ ಮನೆಗೆ ಪರಿಹಾರ ಸಿಕ್ಕಿತು, ಹೊಲಕ್ಕೆ ಸಿಕ್ಕಿತು. ಒಂದೇ ಗುಡಿಯ ಕಟ್ಟೆಯ ಮೇಲೆ ತಾಲೀಮು ಮಾಡುತ್ತಿದ್ದವರು ದಿಕ್ಕಾಪಾಲಾದರೆ ಅದಕ್ಕೆ ಪರಿಹಾರದ ಪಟ್ಟಿಯಲ್ಲಿ ಕಲಮೇ ಇಲ್ಲ.

ರಬಕವಿ-ಬನಹಟ್ಟಿಯ ನೇಕಾರರನ್ನು ಇಲ್ಲಿ ನೆನೆಯಬೇಕು. ಅವರ ಕಷ್ಟ ಇವತ್ತಿಗೂ ತೀರಿಲ್ಲ, ನಿಜ. ಆದರೂ ಮಗ್ಗಕ್ಕೆ ಸಹಕಾರ ಸಂಘಗಳಾದವು. 1975ರಲ್ಲಿ ಹುಟ್ಟಿದ ಕರ್ನಾಟಕ ಕೈಮಗ್ಗ ಅಭಿವೃದ್ಧಿ ನಿಗಮ ನೂಲು ಕೊಟ್ಟು, ನೇಯ್ದ ಬಟ್ಟೆ ತಗೊಂಡು, ಕೂಲಿ ಕೊಡುವ ಪದ್ಧತಿ ನಡೆಸಿತು. ನೇಕಾರಿಕೆ ಒಂದು ಉದ್ಯೋಗ ಎಂದು ಸರ್ಕಾರ ಒಪ್ಪಿದ್ದರಿಂದ ಇಷ್ಟಾದರೂ ಆಯಿತು. ಮೇಳವನ್ನು ಯಾರೂ ಹಾಗೆ ಒಪ್ಪಲಿಲ್ಲ. ಜಮಖಂಡಿಯ ಪಟವರ್ಧನರು, ಮುಧೋಳದ ಘೋರ್ಪಡೆಯವರು ಇದ್ದಷ್ಟು ಕಾಲ ಅರಮನೆ ಎಂಬುದೊಂದಿತ್ತು. 1948ರಲ್ಲಿ ಎರಡೂ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ಸೇರಿದ ಮೇಲೆ ಅದೂ ಹೋಯಿತು. ಆದರೆ ಬಯಲಾಟ ಅರಮನೆಯನ್ನು ನಂಬಿ ಬದುಕಿದ್ದಲ್ಲ. ಊರಿನ ಪಟ್ಟಿಯ ಹಣವೇ ಅದಕ್ಕೆ ಆಸರೆ. ಹಾಗಾಗಿಯೇ ಉಳಿಯಿತು.

ಈಗ ಗುರುತಿಸುವ ಕೆಲಸ ಮೊದಲಿಗಿಂತ ಚೆನ್ನಾಗಿ ನಡೆದಿದೆ. 2017ರಲ್ಲಿ ಬಯಲಾಟಕ್ಕೇ ಬೇರೆ ಅಕಾಡೆಮಿ ಆಗಿ, ಅದರ ಕಚೇರಿ ಬಾಗಲಕೋಟೆಗೇ ಬಂದದ್ದು ಸಣ್ಣ ಮಾತಲ್ಲ. ಗೊಂದಲಿ ಪದಗಳ ವೆಂಕಪ್ಪ ಅಂಬಾಜಿ ಸುಗತೇಕರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದಾಗ ಇಡೀ ಜಿಲ್ಲೆ ಹಿಗ್ಗಿತು. ಮನೆತನದಿಂದ ಬಂದ ಪದಗಳನ್ನು ಕಾಪಾಡಿದ್ದಲ್ಲದೆ ಕಲಿಯಲು ಬಂದವರಿಗೆ ದುಡ್ಡು ಕೇಳದೆ ಕಲಿಸಿದವರು ಅವರು. ಬಡ ಕಲಾವಿದರಿಗೆ ಸರ್ಕಾರದ ಮಾಸಾಶನವೂ ಇದೆ. ಆದರೆ ಅದು ಸಿಗುವುದು 58 ದಾಟಿದ ಮೇಲೆ, ಅದೂ ಹಳೆಯ ಹ್ಯಾಂಡ್‌ಬಿಲ್ಲು, ಫೋಟೋ, ಪ್ರಮಾಣಪತ್ರ ಜೋಪಾನವಾಗಿ ಇಟ್ಟುಕೊಂಡವರಿಗೆ. ಗುಳೆ ಹೋಗಿ ಬಂದ, ಸೋರುವ ಮನೆಯಲ್ಲಿ ಬಾಳಿದ ಗೊಲ್ಲತಿ ಪಾತ್ರಧಾರಿ ನಲವತ್ತು ವರ್ಷದ ಹಿಂದಿನ ಹ್ಯಾಂಡ್‌ಬಿಲ್ಲು ಎಲ್ಲಿಂದ ತಂದಾಳು? ಅವಳ ಆಟ ನೋಡಿದ ಊರೇ ಸಾಕ್ಷಿ ಹೇಳಿದರೆ ಸಾಲದೆ?

ಪ್ರಶಸ್ತಿ ಒಬ್ಬರ ಹೆಸರಿಗೆ ಬರುತ್ತದೆ, ಪಾರಿಜಾತ ಒಬ್ಬರಿಂದ ಆಗುವುದಿಲ್ಲ. ಮೇಳದ ಹೆಸರಿಗೇ ನೆರವು ಬರಬೇಕು. ಹೊಸ ಪೇಟಿಗೆ, ವೇಷಕ್ಕೆ, ಗಾಡಿಗೆ ಕಡಿಮೆ ಬಡ್ಡಿಯ ಸಾಲ ಕೊಡಲು ನಮ್ಮ ಊರಿನ ಸಹಕಾರಿ ಸಂಘಗಳಿಗೆ ಶಕ್ತಿಯಿದೆ. ಟ್ರ್ಯಾಕ್ಟರಿಗೆ ಕೊಡುವವರು ಇದಕ್ಕೂ ಕೊಡಬಹುದು. ತಾಲೂಕಿಗೊಂದು ತಾಲೀಮಿನ ಮನೆ ಬೇಕು. ಬೀಳಗಿಯಲ್ಲಿ ಕಟ್ಟುವುದಾದರೆ ಅದಕ್ಕೆ ಗೋಹರಬಾಯಿ–ಅಮೀರಬಾಯಿಯರ ಹೆಸರಿಡಬೇಕೆಂದು ನನ್ನ ಆಗ್ರಹ. ಇನ್ನು, ಹಳೆಯ ಮಾಸ್ತರರ ಮನೆಗಳಲ್ಲಿ ಕೈಬರಹದ ಆಟದ ಪ್ರತಿಗಳು ಟ್ರಂಕಿನ ತಳದಲ್ಲಿ ಹುಳ ಹಿಡಿಯುತ್ತಿವೆ. ಈ ಸಂಚಿಕೆ ಓದುವವರ ಮನೆಯಲ್ಲಿ ಅಂಥದ್ದೇನಾದರೂ ಇದ್ದರೆ, ಈ ಮಳೆಗಾಲಕ್ಕೆ ಮುಂಚೆಯೇ ಬಾಗಲಕೋಟೆಯ ಅಕಾಡೆಮಿಗೆ ಒಯ್ದು ಒಂದು ನಕಲು ಮಾಡಿಸಿ, ಮೂಲವನ್ನು ಮನೆಗೆ ತಂದಿಟ್ಟುಕೊಳ್ಳಿರಿ.