ಗುಮಾಸ್ತೆಯ ಮೇಜಿನಿಂದ ನ್ಯಾಯಪೀಠಕ್ಕೆ

ವಕೀಲರ ಕಚೇರಿಯಲ್ಲಿ ವಾಯಿದೆ ನೆನಪಿಡುವುದು, ಕಾಗದಪತ್ರ ಜೋಡಿಸುವುದು, ಕಕ್ಷಿದಾರರನ್ನು ಸಮಾಧಾನಪಡಿಸುವುದು ಗುಮಾಸ್ತೆಯ ಪಾಲಿನ ಕೆಲಸ. ಹತ್ತೊಂಬತ್ತನೇ ಶತಮಾನದ ಇಂಗ್ಲೆಂಡಿನಲ್ಲೂ ಹಾಗೇ ಇತ್ತು. ಅಲ್ಲಿ ಸಾಲಿಸಿಟರುಗಳ ಕಚೇರಿಯ ಭಾರ ಹೊತ್ತವರನ್ನು ಮ್ಯಾನೇಜಿಂಗ್ ಕ್ಲರ್ಕ್ ಎನ್ನುತ್ತಿದ್ದರು. ಅನುಭವದಿಂದ ಕಾನೂನು ಬಲ್ಲವರು. ಆದರೆ ತಾವೇ ಸಾಲಿಸಿಟರಾಗಲು ಶಿಷ್ಯವೃತ್ತಿಯ ಕರಾರುಪತ್ರ ಬೇಕು. ಅದರ ಮುದ್ರಾಂಕ ಶುಲ್ಕವೇ 80 ಪೌಂಡ್! ಗುರುವಿಗೆ ಸಲ್ಲಿಸುವ ಹಣ ಬೇರೆ. ಸಂಬಳದವನ ಕೈಗೆ ಎಟುಕುವ ಮಾತೇ?

1892ರಲ್ಲಿ ಈ ಗುಮಾಸ್ತೆಗಳು ಸಂಘ ಕಟ್ಟಿದರು. ಅದು ಎಪ್ಪತ್ತು ವರ್ಷ ನಡೆಯಿತು. ಆದರೆ ಸಂಘದ ಸದಸ್ಯತ್ವವನ್ನು ಅರ್ಹತೆಯೆಂದು ಯಾರು ಒಪ್ಪುತ್ತಾರೆ? ತಿರುವು ಸಿಕ್ಕಿದ್ದು 1963ರಲ್ಲಿ. ಸಾಲಿಸಿಟರುಗಳದೇ ಆದ ಲಾ ಸೊಸೈಟಿಯ ಬೆಂಬಲದಿಂದ ಸಂಘ 'ಇನ್‌ಸ್ಟಿಟ್ಯೂಟ್ ಆಫ್ ಲೀಗಲ್ ಎಕ್ಸಿಕ್ಯುಟಿವ್ಸ್' ಆಯಿತು, ಪರೀಕ್ಷೆಗಳನ್ನು ನಡೆಸತೊಡಗಿತು. ದುಡಿಯುತ್ತಲೇ ಓದಿ ಪಾಸಾದರೆ ಹೆಸರಿನ ಜೊತೆಗೆ ದರ್ಜೆ. ಹೊಸಬರು ಸಂಘದ ಬಾಗಿಲಿಗೆ ಬರಲು ಅದೇ ಕಾರಣವಾಯಿತೆಂದು ನನಗನ್ನಿಸುತ್ತದೆ. 2007ರ ಶಾಸನಗಳು ಕಚೇರಿಯ ಪಾಲುದಾರಿಕೆಗೂ ಕೆಲವು ನ್ಯಾಯಾಧೀಶ ಹುದ್ದೆಗಳಿಗೂ ದಾರಿ ತೆರೆದವು. 2010ರಲ್ಲಿ ಇವರಲ್ಲೊಬ್ಬರು ಜಿಲ್ಲಾ ಉಪನ್ಯಾಯಾಧೀಶರಾದರು. 2012ರಲ್ಲಿ ರಾಜಸನದು ಬಂತು.

ಇಂಗ್ಲಿಷರ ಕೋರ್ಟು ಪದ್ಧತಿ ನಮ್ಮಲ್ಲಿಗೂ ಬಂತು, ಗುಮಾಸ್ತೆಯೂ ಉಳಿದ. ಕೇರಳ 2003ರಲ್ಲಿ ವಕೀಲರ ಗುಮಾಸ್ತೆಗಳಿಗೆ ಕ್ಷೇಮನಿಧಿಯ ಕಾಯ್ದೆ ಮಾಡಿತು. ಕಷ್ಟಕಾಲಕ್ಕೆ ಅದು ಆಸರೆಯೇ ಸರಿ. ಆದರೆ ಮೂವತ್ತು ವರ್ಷ ಕಡತ ಹೊತ್ತವನೂ ಕಾನೂನು ಪದವಿ ಇಲ್ಲದೆ ಇಲ್ಲಿ ವಕೀಲನಾಗುವಂತಿಲ್ಲ.