ಹುರುಪಿನ ದುಡಿಮೆ: ಗದಗ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಸೀಮೆಯ ತಳಮಟ್ಟದ ಕಾರ್ಯಕರ್ತ

2013ರ ಮೇ ತಿಂಗಳ ವಿಧಾನಸಭಾ ಚುನಾವಣೆಯಲ್ಲಿ ಶಿರಹಟ್ಟಿ ಕ್ಷೇತ್ರದ ಸೋಲು-ಗೆಲುವು 315 ಮತಗಳಲ್ಲಿ ತೀರ್ಮಾನವಾಯಿತು. ಕಾಂಗ್ರೆಸ್ಸಿನ ರಾಮಕೃಷ್ಣ ದೊಡ್ಡಮನಿ ಗೆದ್ದರು, ಬಿಜೆಪಿಯ ರಾಮಣ್ಣ ಲಮಾಣಿ ಸೋತರು. ಆ ಅಂತರವನ್ನು ಕ್ಷೇತ್ರದ ಮತಗಟ್ಟೆಗಳಿಗೆ ಹಂಚಿದರೆ ಒಂದೊಂದಕ್ಕೆ ಎರಡು ಮತವೂ ಬರುವುದಿಲ್ಲ. ಬಿಜೆಪಿ ಒಡೆದು ಕೆಜೆಪಿ ಹುಟ್ಟಿದ್ದ ಸಂದರ್ಭದ ಈ ಫಲಿತಾಂಶಕ್ಕೆ ರಾಜ್ಯಮಟ್ಟದ ಕಾರಣಗಳನ್ನು ಕೊಡುವುದು ಸುಲಭ. ಅವು ಸುಳ್ಳೂ ಅಲ್ಲ. ಆದರೆ ಒಂದು ಮತಗಟ್ಟೆಯ ಆ ಎರಡು ಮತ ಯಾರವು, ಮೇ ತಿಂಗಳ ಬಿಸಿಲಿನಲ್ಲಿ ಅವರನ್ನು ಮನೆಯಿಂದ ಎಬ್ಬಿಸಿ ತಂದವರು ಯಾರು, ಹಾಗೆ ಎಬ್ಬಿಸಲು ಅವರಿಗೆ ಯಾವ ಸಲುಗೆ ಇತ್ತು ಎಂಬ ಪ್ರಶ್ನೆಗಳಿಗೆ ಅಲ್ಲಿ ಉತ್ತರ ಸಿಗುವುದಿಲ್ಲ. ಈ ಲೇಖನ ಆ ಸಲುಗೆಯನ್ನು ಕುರಿತದ್ದು.

ಭಾರತದ ಚುನಾವಣಾ ಅಧ್ಯಯನಗಳಲ್ಲಿ ತಳಮಟ್ಟದ ಬೆಂಬಲಿಗ ಹೆಚ್ಚಾಗಿ ಮಧ್ಯವರ್ತಿಯಾಗಿ ಕಾಣಿಸಿಕೊಳ್ಳುತ್ತಾನೆ. ಮೈಸೂರು ಸೀಮೆಯ ರಾಂಪುರವನ್ನು ಕುರಿತು ಬರೆಯುತ್ತ ಎಂ.ಎನ್. ಶ್ರೀನಿವಾಸ್ 1950ರ ದಶಕದಲ್ಲಿ ಬಳಕೆಗೆ ತಂದ ‘ವೋಟ್ ಬ್ಯಾಂಕ್’ ಪರಿಕಲ್ಪನೆಯಲ್ಲಿ ಊರಿನ ಗೌಡಿಕೆಯವರು ತಮ್ಮ ಹಿಡಿತದಲ್ಲಿದ್ದ ಮತಗಳನ್ನು ಮೇಲಿನವರಿಗೆ ಒಪ್ಪಿಸುತ್ತಾರೆ. ಜೇಮ್ಸ್ ಮೇನರ್ 2000ರಲ್ಲಿ ಪ್ರಕಟಿಸಿದ ಪ್ರಬಂಧದ ನಾಯಕ ಬಗಲಲ್ಲಿ ಟವೆಲ್ ಇಟ್ಟುಕೊಂಡು ಕಚೇರಿಯಿಂದ ಕಚೇರಿಗೆ ಓಡಾಡುವ ಸಣ್ಣ ಪುಢಾರಿ. ಮುಕುಲಿಕಾ ಬ್ಯಾನರ್ಜಿಯವರ 2014ರ ಪುಸ್ತಕ ದಾರಿ ಬದಲಿಸಿ, ಮತದಾನದಲ್ಲಿ ಸಾಮಾನ್ಯರು ಕಾಣುವ ಗೌರವ ಮತ್ತು ಕರ್ತವ್ಯದ ಭಾವವನ್ನು ಮುಂದಿಟ್ಟಿತು. ಅಲ್ಲಿ ಕೇಂದ್ರದಲ್ಲಿರುವುದು ಮತದಾರ. ಮತದಾರನೂ ಅಲ್ಲದ, ದಲ್ಲಾಳಿಯೂ ಅಲ್ಲದ, ಹದಿನೈದು ದಿನ ತನ್ನ ಕೆಲಸ ಬಿಟ್ಟು ಓಣಿ ತಿರುಗುವ ಕಾರ್ಯಕರ್ತ ಈ ಎರಡರ ನಡುವೆ ಕಾಣೆಯಾಗುತ್ತಾನೆ. ಗದಗ ಜಿಲ್ಲೆಯ ದಕ್ಷಿಣ ಭಾಗವನ್ನು ಗಮನಿಸಿದರೆ ಅವನ ಹುರುಪನ್ನು ಪಕ್ಷನಿಷ್ಠೆ ಎಂದಾಗಲಿ, ಹಣದ ಆಸೆ ಎಂದಾಗಲಿ ವಿವರಿಸಿ ಮುಗಿಸಲು ಆಗುವುದಿಲ್ಲ. ಇಲ್ಲಿ ಗಡಿಗಳು ಬದಲಾಗುತ್ತವೆ, ಅಭ್ಯರ್ಥಿಗಳು ಬದಲಾಗುತ್ತಾರೆ, ಕಾರ್ಯಕರ್ತ ಮಾತ್ರ ಉಳಿಯುತ್ತಾನೆ. ಈ ಸೀಮೆಯಲ್ಲಿ ಪಕ್ಷಕ್ಕಿಂತ ಗಟ್ಟಿಯಾದ ಸಂಸ್ಥೆ ಅವನೇ ಎಂಬುದು ನನ್ನ ವಾದ.

ಗಡಿಗಳ ಮಾತನ್ನು ಮೊದಲು ಹೇಳಬೇಕು. ಸ್ವಾತಂತ್ರ್ಯದ ಹೊತ್ತಿಗೆ ಶಿರಹಟ್ಟಿ ಸಾಂಗ್ಲಿ ಸಂಸ್ಥಾನದಲ್ಲಿತ್ತು, ಲಕ್ಷ್ಮೇಶ್ವರ ಮಿರಜ ಸಂಸ್ಥಾನದಲ್ಲಿತ್ತು, ಗದಗ ಮತ್ತು ಮುಂಡರಗಿ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಯಲ್ಲಿದ್ದವು. ಒಂದೇ ದಿನದಲ್ಲಿ ಸುತ್ತಬಹುದಾದ ನಾಲ್ಕು ಊರುಗಳಿಗೆ ಮೂರು ಆಡಳಿತ. 1948ರಲ್ಲಿ ಸಂಸ್ಥಾನಗಳು ವಿಲೀನವಾದವು, 1956ರಲ್ಲಿ ಎಲ್ಲವೂ ಮೈಸೂರು ರಾಜ್ಯಕ್ಕೆ ಬಂದವು, 1997ರಲ್ಲಿ ಗದಗ ಪ್ರತ್ಯೇಕ ಜಿಲ್ಲೆಯಾಯಿತು, 2018ರಲ್ಲಿ ಲಕ್ಷ್ಮೇಶ್ವರ ಶಿರಹಟ್ಟಿಯಿಂದ ಬೇರೆಯಾಗಿ ತಾಲೂಕಾಯಿತು. ಇವೆಲ್ಲಕ್ಕಿಂತ ಕಾರ್ಯಕರ್ತನ ಬದುಕನ್ನು ಹೆಚ್ಚು ಅಲುಗಿಸಿದ್ದು 2008ರ ಕ್ಷೇತ್ರ ಪುನರ್ವಿಂಗಡಣೆ. ಹೊಸ ವಿಂಗಡಣೆಯ ಪ್ರಕಾರ ದೇಶದಲ್ಲಿ ಮೊದಲು ಚುನಾವಣೆ ಎದುರಿಸಿದ ರಾಜ್ಯ ಕರ್ನಾಟಕ. ಆಗ ಮುಂಡರಗಿ ಎಂಬ ವಿಧಾನಸಭಾ ಕ್ಷೇತ್ರವೇ ಇಲ್ಲವಾಯಿತು. ಮುಂಡರಗಿ ಪಟ್ಟಣ ಶಿರಹಟ್ಟಿ ಕ್ಷೇತ್ರಕ್ಕೆ ಸೇರಿತು, ಡಂಬಳದ ಭಾಗ ರೋಣಕ್ಕೆ ಹೋಯಿತು. ಅದುವರೆಗೆ ಸಾಮಾನ್ಯ ಕ್ಷೇತ್ರವಾಗಿದ್ದ ಶಿರಹಟ್ಟಿ ಪರಿಶಿಷ್ಟ ಜಾತಿಗೆ ಮೀಸಲಾಯಿತು. ಲೋಕಸಭೆಗೆ ಗದಗ, ರೋಣ, ಶಿರಹಟ್ಟಿಗಳು ಹಾವೇರಿಯ ಜೊತೆ, ನರಗುಂದ ಬಾಗಲಕೋಟೆಯ ಜೊತೆ. ಜಿಲ್ಲೆಯ ಹೆಸರಿನ ಒಂದು ಲೋಕಸಭಾ ಕ್ಷೇತ್ರವೂ ಇಲ್ಲ.

ಮುಂಡರಗಿಯ ಕಾರ್ಯಕರ್ತನ ದೃಷ್ಟಿಯಿಂದ ಇದನ್ನು ನೋಡಬೇಕು. ನಮ್ಮೂರಿನ ಎಮ್ಮೆಲ್ಲೆ ಎಂದು ಹೇಳಿಕೊಳ್ಳುವ ಹಕ್ಕು ಒಂದು ಆದೇಶದಲ್ಲಿ ಹೋಯಿತು. ಶಿರಹಟ್ಟಿಯಲ್ಲಿ ಬದಲಾವಣೆ ಇನ್ನೂ ಆಳವಾದದ್ದು. ಅಲ್ಲಿಯವರೆಗೆ ಟಿಕೆಟ್ಟಿನ ಆಸೆ ಇಟ್ಟುಕೊಂಡಿದ್ದ ಮನೆತನಗಳು ಒಮ್ಮೆಲೇ ಅಭ್ಯರ್ಥಿಯ ಜಾಗದಿಂದ ಬೆಂಬಲಿಗರ ಜಾಗಕ್ಕೆ ಸರಿದವು. ಇನ್ನೊಂದು ಕಡೆ, ದಶಕಗಳ ಕಾಲ ಬೇರೆಯವರ ಬಾವುಟ ಹೊತ್ತು ತಿರುಗಿದ ದಲಿತ ಓಣಿಗಳ, ಲಂಬಾಣಿ ತಾಂಡಾಗಳ ಯುವಕರಿಗೆ ತಮ್ಮವರ ಹೆಸರನ್ನು ಮತಯಂತ್ರದಲ್ಲಿ ಕಾಣುವ ಅವಕಾಶ ಬಂತು. ಮೀಸಲಾತಿಯ ಫಲವನ್ನು ಗೆದ್ದವರ ಪಟ್ಟಿಯಲ್ಲಿ ಹುಡುಕುವುದು ರೂಢಿ. ಅದರ ದೊಡ್ಡ ಫಲ ಪ್ರಚಾರದ ನಡೆಯಲ್ಲಿದೆ ಎಂದು ನಾನು ಬಲವಾಗಿ ನಂಬುತ್ತೇನೆ: ಪ್ರಚಾರ ಈಗ ತಾಂಡಾದ ನಾಯಕನ ಮನೆಯಂಗಳಕ್ಕೂ ಸೇವಾಲಾಲ ಗುಡಿಯ ಮುಂದಕ್ಕೂ ಹೋಗಲೇಬೇಕು, ಅಲ್ಲಿ ಕುಳಿತು ಕೇಳಲೇಬೇಕು.

ಈ ಕಾರ್ಯಕರ್ತನ ದಿನಚರಿ ಹೇಗಿರುತ್ತದೆ? ಈಚಿನ ವಿಧಾನಸಭಾ ಚುನಾವಣೆಗಳೆಲ್ಲ ಮೇ ತಿಂಗಳಲ್ಲಿ ಬಂದಿವೆ. ಅದು ಹಿಂಗಾರಿ ಕಡಲೆ, ಬಿಳಿಜೋಳ ಮನೆ ಸೇರಿ ಮುಂಗಾರಿನ ಹೆಸರು ಬಿತ್ತನೆಗೆ ಹೊಲ ಹದಗೊಳಿಸುವ ನಡುವಿನ ಬಿಡುವು. ಮದುವೆ, ಜಾತ್ರೆಗಳ ಕಾಲವೂ ಹೌದು. ಬೆಳಗಿನ ತಂಪಿನಲ್ಲಿ ಮನೆಮನೆ ಭೇಟಿ, ಮಧ್ಯಾಹ್ನ ಗುಡಿಕಟ್ಟೆಯ ನೆರಳಿನಲ್ಲಿ ಮತದಾರರ ಪಟ್ಟಿಯ ಪುಟಗಳ ಮೇಲೆ ಗುರುತು ಹಾಕುವ ಕೆಲಸ, ಸಂಜೆ ಟಂಟಂ ಗಾಡಿಯ ಹಿಂದೆ ಮೆರವಣಿಗೆ, ರಾತ್ರಿ ಚಾದಂಗಡಿಯಲ್ಲಿ ಮಿರ್ಚಿ, ಗಿರಮಿಟ್ಟಿನ ಜೊತೆ ಯಾವ ಬೂತಿನಲ್ಲಿ ಎಷ್ಟು ಲೀಡು ಎಂಬ ಲೆಕ್ಕ. ಆ ಲೆಕ್ಕ ಗಾಳಿಮಾತಲ್ಲ. ಯಾವ ಮನೆಯಲ್ಲಿ ಎಷ್ಟು ಮತ, ಅಣ್ಣತಮ್ಮಂದಿರಲ್ಲಿ ಯಾರು ಬೇರೆಯಾಗಿದ್ದಾರೆ, ಯಾವ ಮಗಳು ಮದುವೆಯಾಗಿ ಹೋದರೂ ಹೆಸರು ಇಲ್ಲೇ ಉಳಿದಿದೆ, ಯಾರು ಗುಳೆ ಹೋಗಿ ಗೋವಾದಲ್ಲಿದ್ದಾರೆ, ಯಾರು ಮಂಗಳೂರಿನಲ್ಲಿ, ಅವರನ್ನು ಮತದಾನದ ಹಿಂದಿನ ರಾತ್ರಿ ಊರಿಗೆ ತರಲು ಏನು ಮಾಡಬೇಕು, ಇಷ್ಟನ್ನೂ ಕಾಗದ ನೋಡದೆ ಹೇಳಬಲ್ಲವರು ಪ್ರತಿ ಓಣಿಯಲ್ಲೂ ಒಬ್ಬರೋ ಇಬ್ಬರೋ ಇರುತ್ತಾರೆ. ಬಿಜೆಪಿ ‘ಪನ್ನಾ ಪ್ರಮುಖ’ ಎಂಬ ಹುದ್ದೆ ಮಾಡಿ ಮತದಾರರ ಪಟ್ಟಿಯ ಒಂದೊಂದು ಪುಟಕ್ಕೆ ಒಬ್ಬರನ್ನು ನೇಮಿಸಿದಾಗ ಪಕ್ಷ ಹೊಸದೇನನ್ನೂ ಕಂಡುಹಿಡಿಯಲಿಲ್ಲ. ಓಣಿಯಲ್ಲಿ ಮೊದಲೇ ಇದ್ದ ಅರಿವಿಗೆ ಹೆಸರು ಕೊಟ್ಟಿತು.

ಈ ಅರಿವು ಹದಿನೈದು ದಿನಗಳಲ್ಲಿ ಹುಟ್ಟುವುದಿಲ್ಲ. ಗದಗಿನ ಜಿಲ್ಲಾ ಆಸ್ಪತ್ರೆಗೆ ರಾತ್ರಿ ಗಾಡಿ ಮಾಡಿಕೊಂಡು ಹೋದದ್ದು, ತಹಶೀಲ್ದಾರ ಕಚೇರಿಯಲ್ಲಿ ವಿಧವಾ ವೇತನದ ಅರ್ಜಿ ಹಿಡಿದು ನಿಂತದ್ದು, ಬೆಳೆವಿಮೆಯ ಹಣ ಯಾಕೆ ಬರಲಿಲ್ಲ ಎಂದು ಬ್ಯಾಂಕಿನಲ್ಲಿ ಕೇಳಿದ್ದು, ಸತ್ತವರ ಮನೆಗೆ ಮೊದಲು ಹೋಗಿ ಕುಳಿತದ್ದು — ಇವೆಲ್ಲ ಐದು ವರ್ಷ ಕೂಡಿ ಒಂದು ಸಲುಗೆಯಾಗುತ್ತದೆ. “ಕಾಕಾ, ಚೀಟಿ ಬಂತೇನ್ರಿ?” “ಅವ್ವಾ, ಬಿಸಲೇರೂದ್ರೊಳಗ ಬಂದು ಹೋಗಿಬಿಡ್ರಿ” ಎಂದು ಕರೆಯುವಾಗ ಕಾರ್ಯಕರ್ತ ಬಳಸುವುದು ಪಕ್ಷದ ಭಾಷೆಯನ್ನಲ್ಲ, ನಂಟಿನ ಭಾಷೆಯನ್ನು. ಮೇನರ್ ಹೇಳುವ ಪುಢಾರಿಗೂ ಇವನಿಗೂ ಕೆಲಸಗಳು ಬಹುಮಟ್ಟಿಗೆ ಒಂದೇ. ವ್ಯತ್ಯಾಸವಿರುವುದು ಅದೇ ಓಣಿಯಲ್ಲಿ ಅವನೂ ಬದುಕಬೇಕಾಗಿರುವುದರಲ್ಲಿ. ಸುಳ್ಳು ಭರವಸೆ ಕೊಟ್ಟ ಅಭ್ಯರ್ಥಿ ಬೆಂಗಳೂರಿಗೆ ಹೋಗಬಹುದು. ಭರವಸೆಯನ್ನು ಮನೆಮನೆಗೆ ಮುಟ್ಟಿಸಿದವನು ಮರುದಿನ ಅದೇ ನಳದ ಮುಂದೆ ಕೊಡ ಹಿಡಿದು ನಿಂತವರ ಮುಖ ನೋಡಬೇಕು.

ಕಾನೂನು ಈ ಮುಖಾಮುಖಿಯನ್ನು ಇನ್ನಷ್ಟು ಬಿಗಿಗೊಳಿಸಿದೆ. ಗದಗಕ್ಕೆ ಮುದ್ರಣ ಕಾಶಿ ಎಂಬ ಹೆಸರಿದೆ. ಕರಪತ್ರ, ಭಿತ್ತಿಪತ್ರಗಳ ಕಾಲದಲ್ಲಿ ಚುನಾವಣೆಯೆಂದರೆ ಇಲ್ಲಿನ ಅಚ್ಚುಕೂಟಗಳಿಗೆ ಸುಗ್ಗಿ. 1951ರ ಪ್ರಜಾಪ್ರತಿನಿಧಿ ಕಾಯ್ದೆಯ 127ಎ ಕಲಂ ಪ್ರತಿ ಕರಪತ್ರದ ಮೇಲೂ ಮುದ್ರಕನ, ಪ್ರಕಾಶಕನ ಹೆಸರು ಮತ್ತು ವಿಳಾಸ ಇರಬೇಕೆಂದು ಹೇಳುತ್ತದೆ. ಗೋಡೆಬರಹವನ್ನು 1981ರ ರಾಜ್ಯ ಕಾಯ್ದೆಯೂ, 1990ರ ದಶಕದಲ್ಲಿ ಟಿ.ಎನ್. ಶೇಷನ್ ಅವರ ಕಟ್ಟುನಿಟ್ಟೂ ಅಡಗಿಸಿದವು. ರಾತ್ರಿ ಹತ್ತರ ಮೇಲೆ ಧ್ವನಿವರ್ಧಕ ಇಲ್ಲ. 2016ರಲ್ಲಿ ರಾಜ್ಯ ಸರ್ಕಾರ ಪ್ಲಾಸ್ಟಿಕ್ ಫ್ಲೆಕ್ಸನ್ನೂ ನಿಷೇಧಿಸಿತು. ಪಕ್ಷಗಳು ಹಂಚುವ ಮತದಾರರ ಚೀಟಿಯ ಮೇಲೆ ಅಭ್ಯರ್ಥಿಯ ಹೆಸರಾಗಲಿ ಚಿಹ್ನೆಯಾಗಲಿ ಇರುವಂತಿಲ್ಲ. ಹೀಗೆ ಗೋಡೆ, ಕಾಗದ, ಸದ್ದು ಒಂದೊಂದಾಗಿ ಹಿಂದೆ ಸರಿದಂತೆ ಪ್ರಚಾರದ ಮುಖ್ಯ ಮಾಧ್ಯಮವಾಗಿ ಉಳಿದದ್ದು ಕಾರ್ಯಕರ್ತನ ಕಾಲು, ಬಾಯಿ ಮತ್ತು ಈಚೆಗೆ ಅವನ ಮೊಬೈಲು. ಬಿಳಿ ಚೀಟಿ ಯಾರದೆಂದು ಮತದಾರನಿಗೆ ತಿಳಿಯುವುದು ಕೊಟ್ಟವನ ಮುಖದಿಂದ ಮಾತ್ರ.

ಗದಗ-ಬೆಟಗೇರಿ ಮತ್ತು ಶಿರಹಟ್ಟಿ ಸೀಮೆಯ ನಡುವಿನ ವ್ಯತ್ಯಾಸ ಇಲ್ಲಿ ಬೆಳಕಿಗೆ ಬರುತ್ತದೆ. ಗದಗ ಕ್ಷೇತ್ರದಲ್ಲಿ ‘ಹುಲಕೋಟಿ ಹುಲಿ’ ಎಂದೇ ಜನ ಕರೆದ ಕೆ.ಎಚ್. ಪಾಟೀಲರಿಂದ ಡಿ.ಆರ್. ಪಾಟೀಲ, ಎಚ್.ಕೆ. ಪಾಟೀಲರವರೆಗೆ ಒಂದೇ ಮನೆತನದ ನಾಯಕತ್ವ, ಅದರ ಬೆನ್ನಿಗೆ ಹುಲಕೋಟಿಯ ಸಹಕಾರಿ ಸಂಸ್ಥೆಗಳು. ಬೆಂಬಲಿಗನಾದರೂ ವಿರೋಧಿಯಾದರೂ ಕಾರ್ಯಕರ್ತನ ಗುರುತು ಆ ಮನೆತನದ ಸುತ್ತಲೇ ರೂಪುಗೊಂಡಿದೆ. 2008ರಲ್ಲಿ ಬಿಜೆಪಿಯ ಶ್ರೀಶೈಲಪ್ಪ ಬಿದರೂರ ಗೆದ್ದದ್ದು, 2018ರಲ್ಲಿ ಅನಿಲ ಮೆಣಸಿನಕಾಯಿ 1,868 ಮತಗಳಿಂದಷ್ಟೇ ಸೋತದ್ದು ವಿರೋಧಿ ಪಾಳೆಯದ ದುಡಿಮೆಗೂ ಸಾಕ್ಷಿ. ಬೆಟಗೇರಿಯ ನೇಕಾರರ ಓಣಿಗಳಲ್ಲಿ ಈ ಪೈಪೋಟಿ ಇನ್ನೂ ಹತ್ತಿರದ್ದು. 35 ವಾರ್ಡುಗಳ ನಗರಸಭೆಯ ಚುನಾವಣೆಯಲ್ಲಿ ಸೋಲು-ಗೆಲುವಿನ ಅಂತರ ಕೆಲವು ಮನೆಗಳಷ್ಟು.

ಶಿರಹಟ್ಟಿಯಲ್ಲಿ ಹಾಗಿಲ್ಲ. 2008ರಲ್ಲಿ ಬಿಜೆಪಿಯ ರಾಮಣ್ಣ ಲಮಾಣಿ, 2013ರಲ್ಲಿ ದೊಡ್ಡಮನಿ, 2018ರಲ್ಲಿ ಮತ್ತೆ ಲಮಾಣಿ, 2023ರಲ್ಲಿ ಬಿಜೆಪಿಯಿಂದಲೇ ಹೊಸ ಮುಖವಾಗಿ ಡಾ. ಚಂದ್ರು ಲಮಾಣಿ. ಶಿರಹಟ್ಟಿಯಲ್ಲಿ ಗೆದ್ದ ಪಕ್ಷ ರಾಜ್ಯ ಆಳುತ್ತದೆ ಎಂಬ ನಂಬಿಕೆ ಈ ಭಾಗದಲ್ಲಿ ಬಹಳ ಕಾಲದಿಂದ ಇತ್ತು. 2018ರಲ್ಲಿ ಬಿಜೆಪಿ ಇಲ್ಲಿ ಗೆದ್ದರೂ ಮೈತ್ರಿ ಸರ್ಕಾರ ಬಂತು. ಮರುವರ್ಷ ಬಿಜೆಪಿ ಅಧಿಕಾರ ಹಿಡಿದದ್ದರಿಂದ ನಂಬಿಕೆ ಉಳಿಯಿತು. 2023ರಲ್ಲಿ ಅದು ಪೂರ್ತಿ ಮುರಿಯಿತು. ಈ ನಂಬಿಕೆಯನ್ನು ಮೂಢವೆಂದು ತಳ್ಳಿಹಾಕುವುದು ತಪ್ಪು. ಸಚಿವ ಸಂಪುಟದಿಂದ, ರಾಜಧಾನಿಯಿಂದ ದೂರ ಇರುವ ಕ್ಷೇತ್ರದ ಕಾರ್ಯಕರ್ತನಿಗೆ ತನ್ನ ಓಣಿಯ ಎರಡು ಮತ ವಿಧಾನಸೌಧದವರೆಗೆ ಮುಟ್ಟುತ್ತವೆ ಎಂಬ ಭರವಸೆಯನ್ನು ಅದು ಕೊಡುತ್ತಿತ್ತು.

2023ರ ಇನ್ನೊಂದು ಸಂಗತಿ ನನ್ನ ವಾದಕ್ಕೆ ಮುಖ್ಯವಾದದ್ದು. ಟಿಕೆಟ್ ಸಿಗದ ದೊಡ್ಡಮನಿ ಪಕ್ಷೇತರರಾಗಿ ನಿಂತರು. ಕಾಂಗ್ರೆಸ್ಸಿನ ಅಧಿಕೃತ ಅಭ್ಯರ್ಥಿ ಸುಜಾತಾ ದೊಡ್ಡಮನಿಯವರನ್ನು ಮೂರನೆಯ ಸ್ಥಾನಕ್ಕೆ ದೂಡಿ ಎರಡನೆಯವರಾದರು. ರಾಜ್ಯದಲ್ಲಿ ಕಾಂಗ್ರೆಸ್ ಪರವಾದ ಗಾಳಿ ಬೀಸುತ್ತಿದ್ದ ವರ್ಷದಲ್ಲಿ, ಪಕ್ಷದ ಚಿಹ್ನೆಯಿಲ್ಲದೆ ಅಷ್ಟು ಮತ ಬಂದದ್ದು ಹೇಗೆ? ವ್ಯಕ್ತಿಯ ವರ್ಚಸ್ಸು ಎಂಬುದು ಅರ್ಧ ಉತ್ತರ. ಹೊಸ ಚಿಹ್ನೆಯೊಂದನ್ನು ಎರಡು ವಾರಗಳೊಳಗೆ ಲಕ್ಷ್ಮೇಶ್ವರ, ಮುಂಡರಗಿಗಳ ಹಳ್ಳಿಹಳ್ಳಿಯ ಅಡುಗೆಮನೆಯವರೆಗೆ ಮುಟ್ಟಿಸಲು ಓಣಿಯ ಜಾಲವೇ ಬೇಕು, ಆ ಜಾಲ ಬಾವುಟದ ಹಿಂದೆ ಹೋಗದೆ ನಂಟಿನ ಹಿಂದೆ ಹೋಯಿತು.

ಹಣದ ವಿಷಯ ಮುಚ್ಚಿಡಬೇಕಿಲ್ಲ. ಅಭ್ಯರ್ಥಿಯ ವೆಚ್ಚದ ಮಿತಿ 2013ರಲ್ಲಿ 16 ಲಕ್ಷ ರೂಪಾಯಿ ಇದ್ದದ್ದು 2018ಕ್ಕೆ 28 ಲಕ್ಷ, 2023ಕ್ಕೆ 40 ಲಕ್ಷವಾಯಿತು. ನಿಜವಾದ ಖರ್ಚು ಈ ಮಿತಿಯೊಳಗೆ ನಿಲ್ಲುವುದಿಲ್ಲವೆಂದು ಯಾರಾದರೂ ಹೇಳಬಲ್ಲರು. ಪೆಟ್ರೋಲು, ಊಟ, ದಿನದ ಕೂಲಿ ಕಾರ್ಯಕರ್ತನ ಕೈಗೂ ಬರುತ್ತವೆ. ಆದರೆ ಮೆರವಣಿಗೆಗೆ ದಿನಗೂಲಿಗೆ ಬಂದವರಿಗೂ ಬೂತ್ ಏಜೆಂಟನಾಗಿ ಕುಳಿತವನಿಗೂ ಇರುವ ಅಂತರವನ್ನು ಊರಿನವರು ಚೆನ್ನಾಗಿ ಬಲ್ಲರು. ಮತದಾನ ಶುರುವಾಗುವ ಮೊದಲು ಕನಿಷ್ಠ 50 ಅಣಕು ಮತ ಹಾಕುವಾಗಿನಿಂದ, ಸಂಜೆ ಒಟ್ಟು ಮತಗಳ ಲೆಕ್ಕವಿರುವ 17ಸಿ ನಮೂನೆಯ ಪ್ರತಿ ಕೈಗೆ ಬರುವವರೆಗೆ ಕದಲದೆ ಕೂರುವ ಆ ಕುರ್ಚಿಗೆ ಊರಲ್ಲಿ ಮಾನವಿದೆ. ಹೆಣ್ಣುಮಕ್ಕಳ ದುಡಿಮೆಗೆ ಅಷ್ಟು ಮಾನವೂ ಸಿಕ್ಕಿಲ್ಲ. ಸ್ತ್ರೀಶಕ್ತಿ ಸಂಘಗಳ ಮೂಲಕ ಮನೆಯೊಳಗಿನವರೆಗೆ ಮಾತು ಮುಟ್ಟಿಸುವವರು ಅವರೇ. ಪಂಚಾಯಿತಿಗಳಲ್ಲಿ ಅರ್ಧದಷ್ಟು ಸ್ಥಾನ ಅವರಿಗೆ ಮೀಸಲಾಗಿ ವರ್ಷಗಳಾದರೂ ವಿಧಾನಸಭೆಯ ಪ್ರಚಾರದ ವೇದಿಕೆಯ ಮೇಲೆ ಅವರು ಆರತಿ ಹಿಡಿದು ನಿಂತದ್ದೇ ಹೆಚ್ಚು.

2023ರಲ್ಲಿ ಕಾಂಗ್ರೆಸ್ ಕಾರ್ಯಕರ್ತರು ಮನೆಮನೆಗೆ ಒಯ್ದ ಗ್ಯಾರಂಟಿ ಕಾರ್ಡು ಈ ದುಡಿಮೆಗೆ ಹೊಸ ರೂಪ ಕೊಟ್ಟಿತು. 2,000 ರೂಪಾಯಿಯ ಗೃಹಲಕ್ಷ್ಮಿ, 200 ಯೂನಿಟ್ಟಿನ ಗೃಹಜ್ಯೋತಿಯಂಥ ನೇರ ಯೋಜನೆಗಳು ಮಧ್ಯವರ್ತಿಯನ್ನು ಇಲ್ಲವಾಗಿಸುತ್ತವೆ ಎಂಬ ನಿರೀಕ್ಷೆಯಿತ್ತು. ಆಧಾರ್ ಜೋಡಣೆ ತಪ್ಪಿದ್ದು, ಪಡಿತರ ಚೀಟಿಯಲ್ಲಿ ಮನೆಯೊಡತಿಯ ಹೆಸರು ಮೊದಲಿಲ್ಲದ್ದು, ಖಾತೆ ನಿಂತುಹೋದದ್ದು ಇಂಥ ತೊಡಕುಗಳು ಮತ್ತೆ ಜನರನ್ನು ಅದೇ ಕಾರ್ಯಕರ್ತರ ಬಾಗಿಲಿಗೆ ತಂದವು, ಅವರ ಪಕ್ಷ ಯಾವುದೆಂದು ನೋಡದೆ. 2024ರಲ್ಲಿ ಸರ್ಕಾರ ಗ್ಯಾರಂಟಿ ಅನುಷ್ಠಾನ ಸಮಿತಿಗಳನ್ನು ತಾಲೂಕು ಮಟ್ಟದವರೆಗೆ ರಚಿಸಿ ಪಕ್ಷದ ಕಾರ್ಯಕರ್ತರಿಗೆ ಗೌರವಧನ ಕೊಟ್ಟಾಗ ವಿರೋಧ ಪಕ್ಷಗಳು ಆಕ್ಷೇಪಿಸಿದವು. ಸಾರ್ವಜನಿಕ ಹಣ ಪಕ್ಷದವರಿಗೆ ಹೋಗಬಾರದೆಂಬ ಆಕ್ಷೇಪ ನ್ಯಾಯವಾದದ್ದೇ. ಓಣಿಯ ಈ ದುಡಿಮೆಗೆ ಬೆಲೆಯಿದೆ ಎಂದು ಸರ್ಕಾರ ಮೊದಲ ಸಲ ಒಪ್ಪಿಕೊಂಡದ್ದೂ ಅಷ್ಟೇ ನಿಜ.

ಪಕ್ಷವಿಲ್ಲದೆಯೂ ಈ ಜಾಲ ಎದ್ದು ನಿಲ್ಲುತ್ತದೆ ಎಂಬುದನ್ನು ಮುಂಡರಗಿ ತಾಲೂಕಿನ ಹಳ್ಳಿಗುಡಿ 2011ರಲ್ಲಿ ತೋರಿಸಿತು. ಪೋಸ್ಕೊ ಉಕ್ಕಿನ ಕಾರ್ಖಾನೆಗೆ ಫಲವತ್ತಾದ ಎರೆಹೊಲಗಳನ್ನು ವಶಪಡಿಸಿಕೊಳ್ಳುವ ಯತ್ನದ ವಿರುದ್ಧ ಗದಗಿನ ತೋಂಟದ ಸಿದ್ಧಲಿಂಗ ಸ್ವಾಮೀಜಿಯವರ ಮುಂದಾಳತ್ವದಲ್ಲಿ ರೈತರು ಸೇರಿದರು. ಅದೇ ವರ್ಷದ ಜುಲೈನಲ್ಲಿ ಸರ್ಕಾರ ಹಿಂದೆ ಸರಿಯಿತು. 2017ರಲ್ಲಿ ಕಪ್ಪತಗುಡ್ಡದ ರಕ್ಷಣೆಗಾಗಿಯೂ ಹೀಗೇ ಜನ ಗದಗಕ್ಕೆ ಬಂದು ಕುಳಿತರು.

2026ರ ನಂತರದ ಮೊದಲ ಜನಗಣತಿಯ ಮೇಲೆ ಕ್ಷೇತ್ರಗಳ ಗಡಿಗಳು ಮತ್ತೆ ಬದಲಾಗಲಿವೆ. ಹಿಂದಿನ ಪುನರ್ವಿಂಗಡಣೆಗೆ ಆಧಾರವಾದ 2002ರ ಕಾಯ್ದೆಯಲ್ಲಿ ಕರಡು ಪ್ರಕಟಿಸಿ ಸಾರ್ವಜನಿಕ ಸಭೆಗಳಲ್ಲಿ ಆಕ್ಷೇಪಣೆ ಕೇಳಬೇಕೆಂಬ ನಿಯಮವಿತ್ತು. ಮುಂದಿನ ಸಲ ಅಂಥ ಸಭೆ ನಡೆದಾಗ ಮುಂಡರಗಿ ಹೋಬಳಿಗಳನ್ನು ಹೇಗೆ ಒಡೆದರೆ ಯಾವ ತಾಂಡಾ ಯಾವ ಊರಿನಿಂದ ಬೇರೆಯಾಗುತ್ತದೆ, ಲಕ್ಷ್ಮೇಶ್ವರದ ಸಂತೆಗೆ ಬರುವ ಹಳ್ಳಿಗಳು ಯಾವುವು, ಶಿರಹಟ್ಟಿಗೆ ಹೋಗಲು ಯಾವ ಹಳ್ಳಿಯವರು ಎಷ್ಟು ಸುತ್ತಬೇಕು ಎಂದು ನಿಖರವಾಗಿ ಹೇಳಬಲ್ಲವರು ಬೂತಿನ ಕುರ್ಚಿಯಲ್ಲಿ ಕುಳಿತ ಈ ಕಾರ್ಯಕರ್ತರೇ. ಅವರನ್ನು ಯಾವ ಪಕ್ಷವೂ ಅಲ್ಲಿಗೆ ಕಳಿಸದಿದ್ದರೆ ಅವರೇ ಹೋಗಬೇಕು, ಎಲ್ಲ ಪಕ್ಷದವರೂ ಒಂದೇ ಟಂಟಂನಲ್ಲಿ.