ಅವ್ವನಿಗೆ ಐದು ವರ್ಷ, ಪೂಜಾರಿಗೆ ಮೂರು

ದೇವರ ಹೆಸರಲ್ಲಿ ಊರಿಗೆ ಬಿಟ್ಟ ಹೋರಿಗೆ ನಮ್ಮ ಬಲಸಮುದ್ರದ ಕಡೆ ಬಸವ ಅಂತಾರೆ. ಅದು ಯಾರ ಹೊಲಕ್ಕೆ ಬಾಯಿ ಹಾಕಿದರೂ ಹೊಡೆಯುವವರಿಲ್ಲ. ದೇವರ ಹೆಸರಲ್ಲಿ ಬಿಟ್ಟ ಹುಡುಗಿಗೆ ಬಸವಿ ಅಂದರು. ಬಸವ ಊರನ್ನ ಮೇಯ್ತದೆ, ಬಸವೀನ ಊರೇ ಮೇಯ್ತದೆ. ಒಂದಕ್ಕೆ ಕೈ ಮುಗಿದರು, ಇನ್ನೊಂದರ ಹೆಸರನ್ನ ಬೈಗುಳ ಮಾಡಿದರು. ಆ ಬೈಗುಳ ಕೇಳಿಕೊಂಡೇ ನಾವು ಬೆಳೆದದ್ದು.

ಇದನ್ನು ದೇವರ ಸೇವೆ ಎಂದು ಬರೆದವರಿದ್ದಾರೆ. ಸೇವೆ ಯಾರಿಗೆ? ಕೇರಿಯಲ್ಲಿ ಮಕ್ಕಳು ಉಳಿಯಲಿಲ್ಲ, ಮೈಗೆ ರೋಗ ಬಂತು, ಮಳೆ ಹೋಯಿತು ಅಂದರೆ ಹರಕೆ. ಹರಕೆ ತೀರಿಸು ಅನ್ನೋನು ಪೂಜಾರಿ. ಬಳ್ಳಾರಿ, ಬೆಳಗಾವಿ ಕಡೆ ಮುತ್ತು ಕಟ್ಟೋದು ಅಂತಾರಲ್ಲ, ಎಷ್ಟೋ ಕಡೆ ಅದರ ಖರ್ಚು ಕೊಡೋನು ಊರಿನ ಉಳ್ಳವನು. ಹುಡುಗಿ ಮೈನೆರೆದ ಮೇಲೆ ಆ ಸಾಲ ಅವಳ ಮೈಯಿಂದಲೇ ವಸೂಲಿ. ಹೊಲೆಯರ, ಮಾದಿಗರ ಮನೆಗಳಿಂದಲೇ ಹೆಚ್ಚು ಮಕ್ಕಳು ಹೋದದ್ದು ದೇವರ ಆಯ್ಕೆಯಲ್ಲ, ಜಾತಿಯ ಆಯ್ಕೆ.

ಸರ್ಕಾರ ಏನೂ ಮಾಡಲಿಲ್ಲ ಎನ್ನುವಂತಿಲ್ಲ. 1909ರಲ್ಲಿ ಮೈಸೂರು ಸರ್ಕಾರ ಮುಜರಾಯಿ ದೇವಸ್ಥಾನಗಳಲ್ಲಿ ದೇವದಾಸಿ ಸೇವೆ ನಿಲ್ಲಿಸಿತು. ದೊಡ್ಡ ಗುಡಿಯ ಮಾನ ಉಳಿಯಿತು. ಮುಜರಾಯಿ ಲೆಕ್ಕದಲ್ಲೇ ಇಲ್ಲದ ಮಾರಿಗುಡಿ, ಊರಮ್ಮನ ಗುಡಿಗಳ ಬಸವಿಗೆ ಆ ಆದೇಶ ತಲುಪುವುದು ಹೇಗೆ? 1934ರಲ್ಲಿ ಮುಂಬಯಿ ಪ್ರಾಂತ್ಯ, 1947ರಲ್ಲಿ ಮದರಾಸು ಕಾಯ್ದೆ ಮಾಡಿದವು. ಕರ್ನಾಟಕದ್ದು 1982ರ ಕಾಯ್ದೆ. ಜಾರಿಗೆ ಬಂದದ್ದು 1984ರಲ್ಲಿ.

ಆ ಕಾಯ್ದೆಯ ಶಿಕ್ಷೆಯ ಕಲಮನ್ನು ಗೆಳೆಯರು ಒಮ್ಮೆ ಓದಬೇಕು. ಹುಡುಗಿಯನ್ನು ಬಿಡುವ ವಿಧಿ ನಡೆಸಿದವನಿಗೆ, ಅದರಲ್ಲಿ ಪಾಲ್ಗೊಂಡವನಿಗೆ ಹೆಚ್ಚೆಂದರೆ ಮೂರು ವರ್ಷ ಜೈಲು. ಬಿಟ್ಟವರು ಹೆತ್ತವರೋ ನೆಂಟರೋ ಆದರೆ ಕಡಿಮೆಯೆಂದರೆ ಎರಡು, ಹೆಚ್ಚೆಂದರೆ ಐದು ವರ್ಷ. ಹಸಿದ ಅವ್ವನ ಪಾಪ ದೊಡ್ಡದು, ಮಂತ್ರ ಹೇಳಿದವನದು ಸಣ್ಣದು! ಆಮೇಲೆ ಅವಳ ಮೈ ಬಳಸಿಕೊಂಡವನಿಗೆ ಆ ಕಲಮಿನಲ್ಲಿ ಜಾಗವೇ ಇಲ್ಲ.

ಎಣಿಕೆಯಲ್ಲೂ ಇದೇ ಕತೆ. 1993-94ರ ಸಮೀಕ್ಷೆಯಲ್ಲಿ 22,873 ದೇವದಾಸಿಯರು ಸಿಕ್ಕರು. 2007-08ರಲ್ಲಿ ಮತ್ತೆ 23,787. ಒಟ್ಟು 46,660 ಹೆಂಗಸರು. ಹೆಂಗಸರ ತಲೆ ಎಣಿಸಿದ ಸರ್ಕಾರ ಗಂಡಸರ ಪಟ್ಟಿ ಮಾಡಲಿಲ್ಲ. ಅವಳ ಮಗ ಶಾಲೆಗೆ ಸೇರಲು ಹೋದರೆ ಮಾತ್ರ ಮೇಷ್ಟ್ರು ಕೇಳಿದರು: ‘ಅಪ್ಪನ ಹೆಸರೇನೋ?’ ಆ ಮಕ್ಕಳ ಹಕ್ಕಿನ ಮಾತು ಎತ್ತಿದ ಹೊಸ ಮಸೂದೆಗೆ ವಿಧಾನಮಂಡಲ ಒಪ್ಪಿಗೆ ಕೊಡಲು 2025 ಬರಬೇಕಾಯಿತು.

ಬಸವಿ ಹಳೇ ಕಾಲದ್ದು ಎನ್ನಬಹುದು. ಈಗ ನಮ್ಮ ಮಕ್ಕಳು ಗುಡಿಗಲ್ಲ, ಓದಲಿಕ್ಕೆ ಹಾಸ್ಟೆಲಿಗೆ ಹೋಗುತ್ತಾರೆ. ಮಠದ ಅನ್ನ ಉಂಡು ಅಕ್ಷರ ಕಲಿತವರು ನಮ್ಮಲ್ಲೂ ಇದ್ದಾರೆ. ಆ ಋಣ ಸುಳ್ಳಲ್ಲ. ಆದರೆ ಅನ್ನದ ಋಣ ಬಾಯಿಗೆ ಬೀಗವಾದರೆ?

ಶಿರಾ ದಾಟಿ ಹಿರಿಯೂರು ಹಾದರೆ ಚಿತ್ರದುರ್ಗ. ಅಲ್ಲಿನ ಮುರುಘಾಮಠದ ಹಾಸ್ಟೆಲಿನಲ್ಲಿದ್ದ ಇಬ್ಬರು ಹುಡುಗಿಯರು 2022ರ ಆಗಸ್ಟಿನಲ್ಲಿ ಪೀಠಾಧಿಪತಿ ಶಿವಮೂರ್ತಿ ಮುರುಘಾ ಶರಣರ ಮೇಲೆ ಲೈಂಗಿಕ ದೌರ್ಜನ್ಯದ ದೂರು ಕೊಟ್ಟರು. ಕೊಟ್ಟದ್ದು ದುರ್ಗದಲ್ಲಲ್ಲ, 200 ಕಿಲೋಮೀಟರಿಗೂ ಆಚೆಯ ಮೈಸೂರಿನಲ್ಲಿ, ಒಡನಾಡಿ ಸಂಸ್ಥೆಯ ಆಸರೆಯಲ್ಲಿ. ಸೆಪ್ಟೆಂಬರ್ 1ರ ರಾತ್ರಿ ಬಂಧನವಾಯಿತು. 2023ರ ನವೆಂಬರಿನಲ್ಲಿ ಜಾಮೀನು. ಮುಖ್ಯ ಸಾಕ್ಷಿಗಳ ವಿಚಾರಣೆ ಮುಗಿಯಲೆಂದು 2024ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟು ಅವರನ್ನು ಮತ್ತೆ ಬಂಧನಕ್ಕೆ ಕಳಿಸಿತು. 2025ರ ನವೆಂಬರ್ 26ರಂದು ಚಿತ್ರದುರ್ಗದ ನ್ಯಾಯಾಲಯ ಆ ಪ್ರಕರಣದಲ್ಲಿ ಅವರನ್ನು ಖುಲಾಸೆ ಮಾಡಿತು.

ಆ ತೀರ್ಪಿನ ಮೇಲೆ ನಾವು ಇನ್ನೊಂದು ತೀರ್ಪು ಬರೆಯಲು ಹೊರಟಿಲ್ಲ. ನಮ್ಮ ಪ್ರಶ್ನೆ ಬೇರೆ. ಒಂದು ಮಾತು ಹೇಳಲಿಕ್ಕೆ ಮಕ್ಕಳು ಜಿಲ್ಲೆ ಬಿಟ್ಟು ಜಿಲ್ಲೆಗೆ ಯಾಕೆ ಹೋಗಬೇಕಾಯಿತು? 2012ರ ಪೋಕ್ಸೋ ಕಾಯ್ದೆ ಪ್ರಕಾರ ಮಗುವಿನ ಮೇಲೆ ಇಂಥದ್ದು ನಡೆದಿದೆ ಎಂದು ಗೊತ್ತಿದ್ದ ಯಾರೇ ಆಗಲಿ ಪೊಲೀಸರಿಗೆ ತಿಳಿಸಬೇಕು. ಕೈಕೆಳಗಿನವರ ತಪ್ಪು ಮುಚ್ಚಿಟ್ಟ ಸಂಸ್ಥೆಯ ಮುಖ್ಯಸ್ಥನಿಗೆ ಒಂದು ವರ್ಷದವರೆಗೆ ಶಿಕ್ಷೆಯಿದೆ. ಸರಿ, ಮುಖ್ಯಸ್ಥನ ಮೇಲೇ ದೂರು ಬಂದರೆ ಅವನ ಕೈಯಿಂದ ಸಂಬಳ ತಗೊಳ್ಳೋ ವಾರ್ಡನ್ನು, ಮೇಷ್ಟ್ರು, ಗುಮಾಸ್ತ ಬಾಯಿ ಬಿಡ್ತಾರಾ? ಹಿಂದುಳಿದ, ದಲಿತ ಜಾತಿಗಳಿಗೂ ಸ್ವಾಮಿಗಳನ್ನು ಮಾಡಿಕೊಟ್ಟ ಮಠ ಅದು. ನಮಗೂ ಒಂದು ಪೀಠ ಸಿಕ್ಕಿತು ಅಂದುಕೊಂಡ ನಮ್ಮವರ ನಾಲಿಗೆಯೂ ದೂರು ಬಂದ ದಿನ ತಡವರಿಸಲಿಲ್ಲವೆ? ನಮ್ಮನ್ನೂ ನಾವು ಕೇಳಿಕೊಳ್ಳಬೇಕು.

ಗುಡಿಯಿರಲಿ, ಮಠವಿರಲಿ, ಚರ್ಚು, ಮದರಸಾ ಇರಲಿ, ಮಗು ಬಾಯಿ ಬಿಟ್ಟ ಕ್ಷಣ ನಾವು ತಪಾಸಣೆ ಮಾಡುವುದು ಮಗುವನ್ನೇ. ಯಾವ ಊರೋಳು, ಯಾರ ಮಗಳು, ಯಾರು ಹೇಳಿಕೊಟ್ಟರು? ಕೇರಿಯ ಅವ್ವನಿಗೆ ಹೆಚ್ಚು ಶಿಕ್ಷೆ ಬರೆದ ಕಲಮು ಹುಟ್ಟಿದ್ದು ಈ ಬುದ್ಧಿಯಿಂದಲೇ.

ಹಳ್ಳಿ ಮೇಷ್ಟ್ರುಗಳೇ, ಓದುವ ಗೆಳೆಯರೇ, ನಮ್ಮ ನಾಲ್ಕು ತಾಲ್ಲೂಕಿನಲ್ಲಿ ಹಾಸ್ಟೆಲ್ ನಡೆಸುವ ಪ್ರತಿ ಸಂಸ್ಥೆಯನ್ನೂ ಕೇಳೋಣ. ಮಕ್ಕಳ ದೂರು ಕೇಳುವವರಲ್ಲಿ ಸಂಸ್ಥೆಯ ಸಂಬಳ ಉಣ್ಣದವರು ಎಷ್ಟು ಮಂದಿ? ಕೇರಿಯ ಹೆಂಗಸರು ಎಷ್ಟು ಮಂದಿ? 1098ಕ್ಕೆ ಫೋನು ಮಾಡಬಹುದೆಂದು ಗೋಡೆ ಮೇಲೆ ಬರೆದಿದ್ದಾರಾ? ಬರೆದಿಲ್ಲದಿದ್ದರೆ ನಾವೇ ಬರೆಯೋಣ. ಎಣಿಸುವುದಾದರೆ ಈ ಸಲ ಸುಮ್ಮನಿದ್ದವರನ್ನ ಎಣಿಸೋಣ.